ಹಳೇಮನಿಯ ಹೆಪ್ಪು

ಸಂಕ್ರಾಂತಿಯ ಊಟದ ನಡುವೆ, ಸಜ್ಜೆ ರೊಟ್ಟಿ ಮುರಿಯುತ್ತಲೇ, ಹೊಳಬಸಪ್ಪನವರು ಈ ಸುಗ್ಗಿಗೆ ತಾವು ಕುರ್ಚಿ ಬಿಡುವುದಾಗಿ ಹೇಳಿದರು. ಹಿರಿಯ ಮಗ ಶಿವರಾಜನ ಕೈ ಬದನೆಕಾಯಿಯ ಮೇಲೆ ನಿಂತಿತು. ಕಿರಿಯವ ಅಮರ ಲೋಟ ಖಾಲಿಯಾದ ಮೇಲೂ ನೀರು ಕುಡಿಯುತ್ತಲೇ ಇದ್ದ.

ಕುರ್ಚಿ ಎಂದರೆ ನಿಜವಾಗಿಯೂ ಒಂದು ಕುರ್ಚಿ. ಹೊಳಬಸಪ್ಪನವರು ವಿಜಯಪುರದಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಒಣದ್ರಾಕ್ಷಿ ವ್ಯಾಪಾರ ಹಿಡಿದಾಗ ಕೊಂಡ ತೇಗದ ಕುರ್ಚಿ. ವ್ಯಾಪಾರ ಬೆಳೆದು ನಾರಾಯಣಗಾವದ ಬಳಿ ತೋಟವಾಗಿ, ತೋಟದ ಪಕ್ಕದಲ್ಲಿ ವೈನ್ ಕಾರ್ಖಾನೆಯಾದಾಗ ಕುರ್ಚಿಯೂ ಅಲ್ಲಿಗೆ ಹೋಯಿತು. ಯಜಮಾನರ ಕೋಣೆಗೆ ಬೀಗ, ಬೀಗಕ್ಕೆ ಒಂದೇ ಕೀಲಿ. ಅದು ಸದಾ ಅವರ ಉಡದಾರದಲ್ಲಿರುತ್ತದೆ. ಬೆಳಿಗ್ಗೆ ಲಿಂಗಪೂಜೆಯ ಹೊತ್ತಿನಲ್ಲಿ ಮಾತ್ರ ದೇವರ ಕೋಣೆಯ ಹೊರಗಿನ ಮೊಳೆಗೆ ಬರುತ್ತದೆ. ಇತ್ತೀಚೆಗೆ ಕುರ್ಚಿಯ ಒಂದು ಕೈ ಅಲುಗಾಡತೊಡಗಿತ್ತು. ತಮ್ಮ ಭಾರಕ್ಕೇ ಇರಬೇಕೆಂದು ಅವರು ಸಂಜೆಯ ಊಟದಲ್ಲಿ ಅನ್ನ ಬಿಟ್ಟಿದ್ದರು.

ಪುಣೆಯ ಕೋಥರೂಡದ ಅವರ ಮೂರಂತಸ್ತಿನ ಬಂಗಲೆಯಲ್ಲಿ ಯಾರೂ ವೈನ್ ಕುಡಿಯುವುದಿಲ್ಲ. ಲಿಂಗ ಕಟ್ಟಿಕೊಂಡ ಮನೆ. ಬಾಟಲಿ ಹೊಸ್ತಿಲು ದಾಟುವಂತಿಲ್ಲ, ಆ ಶಬ್ದವೂ ದಾಟುವಂತಿಲ್ಲ. ಒಳಗೆ ಅದಕ್ಕೆ ‘ರಸ’ ಎಂದೇ ಹೆಸರು. ಅಮರನ ಹೆಂಡತಿ ಮಾಧುರಿ ಲೋಣಾವಳಾದ ಮರಾಠಿ ಮನೆಯ ಮಗಳು. ಮದುವೆಯಾದ ಹೊಸತರಲ್ಲಿ ಆಕೆ ಶಿವರಾಜನ ಹೆಂಡತಿ ಸಪ್ನಾಳನ್ನು ಮೆಟ್ಟಿಲ ಮೇಲಿನಿಂದ, ಮರಾಠಿಯಲ್ಲಿ ಅತ್ತಿಗೆಯನ್ನು ಕರೆಯುವಂತೆ, ‘ವೈನಿ’ ಎಂದು ಕೂಗಿದಾಗಲೆಲ್ಲ ಅತ್ತೆ ಶಿವಗಂಗವ್ವ ಬೆಚ್ಚಿ ಹೊಸ್ತಿಲಿನತ್ತ ನೋಡುತ್ತಿದ್ದರು. ರುಚಿ ನೋಡಿ ಉಗುಳುವುದಕ್ಕೆ ಕಾರ್ಖಾನೆಯಲ್ಲಿ ಸಂಬಳದ ಜನರಿದ್ದಾರೆ. ಅವರ ಪ್ರಕಾರ ಎಲ್ಲಕ್ಕಿಂತ ಮೇಲಿನದು ‘ಹಳೇಮನಿ’ ಎಂಬ ಕೆಂಪು ವೈನ್. ಇಂಗ್ಲಿಷ್ ಅಕ್ಷರದ ಆ ಹೆಸರನ್ನು ಮುಂಬೈ ಹೋಟೆಲಿನವರು ‘ಹೇಲ್ ಮನಿ’ ಎಂದು ಓದುತ್ತಾರೆ. ಅದರಿಂದ ಮಾರಾಟಕ್ಕೆ ನಷ್ಟವಾಗಿಲ್ಲ.

ಹಳೇಮನಿಯ ಗುಟ್ಟು ಶಿವಗಂಗವ್ವನ ಫ್ರಿಜ್ಜಿನಲ್ಲಿತ್ತು. ಮೊದಲ ಸುಗ್ಗಿಯಲ್ಲಿ ರಸ ಹುದುಗು ಬಂದದ್ದು ತೋಟದ ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಇದ್ದ ಯೀಸ್ಟಿನಿಂದ. ತೊಟ್ಟಿ ತೊಳೆಯುವ ಮುನ್ನ ಶಿವಗಂಗವ್ವ ತಳದ ಗಸಿಯಿಂದ ಒಂದು ಬಟ್ಟಲು ತೆಗೆದಿಟ್ಟರು. ಮೊಸರು ಮುಗಿಯುವ ಮೊದಲು ನಾಳೆಗೆ ಹೆಪ್ಪು ಎತ್ತಿಡುವ ಕೈ ಅದು, ಸುಮ್ಮನಿರಲಿಲ್ಲ. ಅಂದಿನಿಂದ ಅದು ‘ಹೆಪ್ಪ’ ಎಂಬ ಹೆಸರಿನಲ್ಲೇ ಮೊಸರಿನ ಪಕ್ಕದ ಗಾಜಿನ ಭರಣಿಯಲ್ಲಿದೆ. ಸೋಮವಾರಕ್ಕೊಮ್ಮೆ ದ್ರಾಕ್ಷಿ ರಸ ಉಣಿಸುತ್ತಾರೆ, ಹಣ್ಣಿಲ್ಲದ ಕಾಲದಲ್ಲಿ ಒಣದ್ರಾಕ್ಷಿ ನೆನೆಸಿದ ನೀರು. ಸುಗ್ಗಿಯಲ್ಲಿ ಅದರ ಒಂದು ಪಾಲು ಕಾರ್ಖಾನೆಗೆ ಹೋಗಿ, ಹಂತಹಂತವಾಗಿ ಹೆಚ್ಚಿ, ಹಳೇಮನಿಯ ತೊಟ್ಟಿಗೆ ಬೀಳುತ್ತದೆ. ಬೇರೆ ವೈನುಗಳಿಗೆ ಪೊಟ್ಟಣದ ಯೀಸ್ಟ್. ಕಾರ್ಖಾನೆಯ ತಜ್ಞ ಶ್ಯಾಮ ಪ್ರಯೋಗಾಲಯದಲ್ಲೂ ಸ್ವಲ್ಪ ಇಟ್ಟಿರೋಣ ಎಂದು ಕೇಳಿದ್ದಕ್ಕೆ, ಮನೆಯ ಹೆಪ್ಪನ್ನು ಮನೆಯ ಹೊರಗೆ ಇಡುವುದಿಲ್ಲ ಎಂದು ಯಜಮಾನರು ಹೇಳಿದ್ದರು.

ಹೆಪ್ಪಿನ ವಿಷಯದಲ್ಲಿ ಶಿವಗಂಗವ್ವ ಬಿಗಿ. ಪಕ್ಕದ ಮನೆಯಾಕೆ ಮೊಸರಿಗೆ ವಿರಜಣ, ಅಂದರೆ ಹೆಪ್ಪು, ಬೇಕೆಂದು ಸಂಜೆ ಬಂದರೆ, ದೇವರ ದೀಪ ಹಚ್ಚಿಯಾಗಿದ್ದರೆ, ಬರಿಗೈಯಲ್ಲಿ ಕಳಿಸುತ್ತಾರೆ. ಹಗಲಲ್ಲಿ ಕೊಟ್ಟ ಬಟ್ಟಲು ಖಾಲಿಯಾಗಿ ವಾಪಸ್ ಬಂದರೆ ಆ ಮನೆಯವರೊಂದಿಗೆ ಮಾತು ಕಡಿಮೆ ಮಾಡುತ್ತಾರೆ.

“ಯಾರಿಗ ಕೊಡಬೇಕಂತ ನನಗ ತಿಳಿವಲ್ದು,” ಎಂದರು ಹೊಳಬಸಪ್ಪನವರು. “ಮೀಟಿಂಗಿನಾಗ ಇಬ್ಬರೂ ಭಾಳ ಮಾತಾಡ್ತೀರಿ. ಹೆಪ್ಪ ಇಬ್ಬರಿಗೂ ಅರ್ಧರ್ಧ ಕೊಡ್ತೀನಿ. ಸುಗ್ಗಿ ದಿನ ಯಾರ ಭರಣಿ ಚಲೋ ನೊರಿ ಕಟ್ಟಿರತದೋ ಅವನು ಕುರ್ಚಿ ಮ್ಯಾಲ ಕೂಡಲಿ.”

“ಹೆಪ್ಪ ಒಡದ್ರ ಮನಿ ಒಡೀತದ್ರಿ,” ಎಂದರು ಶಿವಗಂಗವ್ವ.

“ಒಡಿಯೂದಲ್ಲ, ಹಂಚೂದು.”

“ಎರಡಕ್ಕೂ ಚಮಚ ಒಂದೇ.”

ಹಬ್ಬಕ್ಕೆಂದು ಊರಿನ ಇನ್ನೊಂದು ತುದಿಯ ವಾಕಡದಿಂದ ಬಂದಿದ್ದ ಮಗಳು ಸುಮಂಗಲಾ ಗೋಧಿ-ಬೆಲ್ಲದ ಮಾದಲಿ ಬಡಿಸುತ್ತಿದ್ದಳು. ಮೂವರಲ್ಲಿ ನಡುವಿನವಳು, ಹಿಂಜವಡಿಯ ಒಂದು ಕಂಪನಿಯಲ್ಲಿ ಖರೀದಿ ವಿಭಾಗ ಪೂರ್ತಿ ಅವಳ ಕೈಯಲ್ಲಿದೆ. ತನ್ನ ಪಾಲು ಯಾವ ಭರಣಿಯಲ್ಲಿದೆ ಎಂದು ತಂದೆಯನ್ನು ಕೇಳಿದಳು.

“ನಿಂದೇನವ್ವಾ, ನಿನ್ನ ಮನಿ ಬ್ಯಾರೆ, ನಿನ್ನ ಫ್ರಿಜ್ ಬ್ಯಾರೆ.”

“ಅದೂ ಖರೇನ,” ಎಂದು ಸುಮಂಗಲಾ ಅವರ ತಟ್ಟೆಗೆ ಇನ್ನೊಂದು ಸೌಟು ಮಾದಲಿ ಹಾಕಿದಳು. ಸಂಜೆ ಹೊರಡುವಾಗ, ಎಳ್ಳು-ಬೆಲ್ಲ ತಂದಿದ್ದ ಸ್ಟೀಲಿನ ಡಬ್ಬಿಯನ್ನು ಅಲ್ಲೇ ಮರೆತು ಹೋದಳು.

ಮರುದಿನವೇ ಭರಣಿಯ ಹೆಪ್ಪು ತಳದಲ್ಲೂ ಉಳಿಯದಂತೆ ಎರಡು ಪಾಲಾಯಿತು, ಎರಡು ಹೊಸ ಫ್ರಿಜ್ಜುಗಳು ಬಂದವು. ಒಂದು ಮೊದಲ ಮಹಡಿಗೆ, ಶಿವರಾಜನದು, ಬೀಗವಿದ್ದದ್ದು. ಇನ್ನೊಂದು ಎರಡನೆಯ ಮಹಡಿಗೆ, ಅಮರನದು, ಹೊರಗಿನಿಂದಲೇ ಉಷ್ಣತೆ ತೋರಿಸುವಂಥದ್ದು. ಶಿವಗಂಗವ್ವ ಮೆಟ್ಟಿಲ ಬುಡದಲ್ಲಿ ನಿಂತು ಹಮಾಲರು ಅವನ್ನು ಹೊತ್ತೊಯ್ಯುವುದನ್ನು ನೋಡಿದರು.

“ಇವತ್ತ ಫ್ರಿಜ್ ಮ್ಯಾಲ ಹೋತು,” ಎಂದರು ಗಂಡನಿಗೆ. “ನಾಳೆ ಒಲಿ ಹೋಗತದ. ಆಮ್ಯಾಲ ನಾವಿಬ್ಬರೂ ಕೆಳಗ ಕುಂತು ಯಾವ ಮಹಡಿಯಿಂದ ಊಟ ಬರತದಂತ ಮ್ಯಾಲ ನೋಡೋಣು.”

ಆ ಮನೆಯಲ್ಲಿ ಅಡುಗೆ ಕೆಳಗಿನ ಒಂದೇ ಒಲೆಯಲ್ಲಿ, ಸೊಸೆಯರ ಸರದಿಯಲ್ಲಿ ನಡೆಯುತ್ತಿತ್ತು. ಈಗ ಯಾರ ಸರದಿ ಇದ್ದರೂ ಅರ್ಧ ಕಿವಿ ಮಹಡಿಯಲ್ಲೇ ಇರುತ್ತಿತ್ತು. ಸಪ್ನಾಳ ರೊಟ್ಟಿ ಒಂದು ಬದಿ ಸೀದು ಒಂದು ಬದಿ ಹಸಿಯಾಗಿ ಬಂತು. ಮಾಧುರಿ ಸತತವಾಗಿ ಅವಲಕ್ಕಿಯನ್ನೇ ಮಾಡಿದಳು. ಅವಲಕ್ಕಿ ಮದುವೆಯ ಮಾತುಕತೆಗೆ ಬಂದವರಿಗೆ ಕೊಡುವಂಥದ್ದು, ಮನೆಯವರಿಗಲ್ಲ ಎಂದು ಹೊಳಬಸಪ್ಪನವರು ಹೇಳಿದರು. ಯಾರು ಎಷ್ಟು ಹೊತ್ತು ಅಡುಗೆಮನೆಯಲ್ಲಿದ್ದರು ಎಂಬುದರ ಮೇಲೆ ಸೊಸೆಯರಿಗೆ ಮಾತಿಗೆ ಮಾತಾಯಿತು. ಗಂಡಂದಿರು ಅದನ್ನು ಕೇಳಿಸಿಕೊಳ್ಳದವರಂತೆ ಕುಳಿತು ಒಬ್ಬರನ್ನೊಬ್ಬರು ನೋಡಿದರು.

ಪಿತೂರಿಗಳೂ ಶುರುವಾದವು. ಶಿವರಾಜ ಒಬ್ಬ ವೈರ್‌ಮನ್‌ನನ್ನು ಕರೆಸಿ, ಎರಡನೆಯ ಮಹಡಿಯ ತಂತಿಗಳನ್ನು ಪರೀಕ್ಷಿಸುವ ನೆಪದಲ್ಲಿ ಮಧ್ಯಾಹ್ನವಿಡೀ ಕರೆಂಟ್ ತೆಗೆಸಿದ. ಅಮರ ಮೊದಲೇ ಇನ್‌ವರ್ಟರ್ ಹಾಕಿಸಿದ್ದ. ಯೀಸ್ಟಿಗೆ ಕರ್ಪೂರದ ಹೊಗೆ ಬಹಳ ಒಳ್ಳೆಯದು ಎಂಬ ಲೇಖನವನ್ನು ಅಮರ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಸಪ್ನಾ ಕೈಮುಗಿದ ಚಿತ್ರ ಕಳಿಸಿ, ಲಿಂಬೆರಸ ಇನ್ನೂ ಒಳ್ಳೆಯದೆಂಬ ಲೇಖನವನ್ನು ಹಾಕಿದಳು. ಇಬ್ಬರೂ ಎರಡನ್ನೂ ಮಾಡಲಿಲ್ಲ. ಶಿವರಾಜನ ಮಗಳು, ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದ ಅಪೇಕ್ಷಾ, ಎರಡೂ ಮಹಡಿಗಳಿಗೆ ಗೂಢಚಾರಿಣಿಯಾದಳು. ಎರಡೂ ಕಡೆಯಿಂದ ಪಿಜ್ಜಾ ತರಿಸಿಕೊಂಡು, ಎರಡೂ ಕಡೆ ‘ಅಲ್ಲಿ ನೊರೆ ಚೆನ್ನಾಗಿದೆ’ ಎಂದಷ್ಟೇ ವರದಿ ಮಾಡುತ್ತಿದ್ದಳು.

ಮೊದಲು ಹೋದದ್ದು ಶಿವರಾಜನ ಭರಣಿ.

ಅದು ಅರಿಶಿನ-ಕುಂಕುಮದ ಕಾಲ. ರಥಸಪ್ತಮಿಯವರೆಗೆ ಪುಣೆಯ ಹೆಂಗಸರು ಮಧ್ಯಾಹ್ನ ಮನೆಯಲ್ಲಿರುವುದಿಲ್ಲ. ಸೋಮವಾರ ಸಪ್ನಾ ಹೊರಗೆ ಹೋದವಳು, ಹೆಪ್ಪಿಗೆ ಉಣಿಸಲು ಗಂಡನಿಗೆ ಫೋನಿನಲ್ಲಿ ನೆನಪಿಸಿದಳು. ಏನು ಉಣಿಸಬೇಕೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಇಷ್ಟು ವರ್ಷ ವೈನ್ ಮಾರಿದವನಿಗೆ ಕೇಳುವುದು ಅವಮಾನವೆನಿಸಿತು. ಹೆಪ್ಪಿನ ಬಗ್ಗೆ ತಾಯಿ ಅಡುಗೆಮನೆಯಲ್ಲಿ ಹೇಳುತ್ತಿದ್ದ ಮಾತು ಅವನಿಗೆ ಬಾಲ್ಯದಿಂದ ಬಾಯಿಪಾಠವಿತ್ತು. ಅದರಂತೆಯೇ ಮಾಡಿದ.

ಸಪ್ನಾ ಬಂದು ನೋಡಿದಾಗ ಭರಣಿಯಲ್ಲಿ ನೇರಳೆ ಬಣ್ಣದ ಗಡ್ಡೆಗಳು ತೇಲುತ್ತಿದ್ದವು.

“ಏನ ಹಾಕೀರಿ ಇದಕ್ಕ?”

“ಹಾಲು. ಉಗುರಬೆಚ್ಚಗ ಮಾಡೇ ಹಾಕೀನಿ.”

“ಇದು ಮೊಸರಿನ ಹೆಪ್ಪಲ್ರಿ.”

“ಹೆಪ್ಪ ಅಂದ್ರ ಹೆಪ್ಪ. ಅವ್ವ ಎಲ್ಲಾದಕ್ಕೂ ಅದನ್ನ ಅಂತಾಳ.”

ಹಾಲಿಗೆ ಯೀಸ್ಟ್ ಸಾಯುವುದಿಲ್ಲ, ಸೋಸಿ ಮತ್ತೆ ದ್ರಾಕ್ಷಿ ರಸ ಕೊಟ್ಟಿದ್ದರೆ ಉಳಿಯುತ್ತಿತ್ತು ಎಂದು ಅಪೇಕ್ಷಾ ಕಾಲೇಜಿನಿಂದ ಬಂದು ಹೇಳಿದಳು. ಅಷ್ಟರಲ್ಲಿ ಸಪ್ನಾ ಭರಣಿಯನ್ನು ಸೋಪು ಹಾಕಿ ತೊಳೆದಾಗಿತ್ತು.

ಎರಡನೆಯದು ಹೆಚ್ಚು ದಿನ ಉಳಿಯಲಿಲ್ಲ. ವೈರ್‌ಮನ್ ಬಂದುಹೋದಂದಿನಿಂದ ಮಾಧುರಿಗೆ ಮನೆಯ ಮೇಲೆ ನಂಬಿಕೆ ಹೋಗಿತ್ತು. ಭರಣಿಯನ್ನು ಮಂಜುಗಡ್ಡೆಯ ಚೀಲದಲ್ಲಿಟ್ಟು ಲೋಣಾವಳಾದ ತವರಿಗೆ ಒಯ್ದಳು. ಅವಳ ತಂದೆಗೆ ಚಿಕ್ಕಿ ಅಂಗಡಿ. ಮನೆಯ ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದು ಅವರು ಭರಣಿಯನ್ನು ಅಂಗಡಿಯ ಹಿಂದೆ, ಬೆಲ್ಲ ಕಾಯಿಸುವ ಒಲೆಯ ಮೇಲಿನ ಹಲಗೆಯಲ್ಲಿ, ಇರುವೆ ಹೋಗದಂತೆ ಮುಚ್ಚಳ ಬಿಗಿಮಾಡಿ ಇಟ್ಟರು. ಸೆಕೆಗೆ ಹೆಪ್ಪು ಉಕ್ಕಿತು. ಮುಚ್ಚಳ ಹಾರಿ, ಭರಣಿ ಒಡೆದು, ಇದ್ದದ್ದೆಲ್ಲ ಆಗಷ್ಟೇ ಹರಡಿದ್ದ ಶೇಂಗಾ ಚಿಕ್ಕಿಯ ಮೇಲೆ ಬಿತ್ತು. ತಂದೆ ಫೋನ್ ಮಾಡಿ ಮರಾಠಿಯಲ್ಲಿ ಕ್ಷಮೆ ಕೇಳಿದರು. ಆಮೇಲೆ, ಗಾಜಿಲ್ಲದ ಮೂಲೆಯ ತುಂಡನ್ನು ಅಂಗಡಿಯವರು ತಿಂದು ನೋಡಿದ್ದಾರೆ, ರುಚಿ ಬಂದಿದೆಯಂತೆ, ಅದನ್ನೇ ಬೇರೆ ಹೆಸರಿನಲ್ಲಿ ಮಾಡಬಹುದೇ ಎಂದು ವಿಚಾರಿಸಿದರು.

ಇನ್ನು ಭರಣಿ ತುಂಬುವ ಪ್ರಶ್ನೆ. ನೊರೆ ಬರಬೇಕು, ಗುಳ್ಳೆ ಏಳಬೇಕು, ಹುಳಿ ವಾಸನೆ ಇರಬೇಕು. ಮೊದಲ ಮಹಡಿಯೂ ಎರಡನೆಯ ಮಹಡಿಯೂ ಪರಸ್ಪರ ತಿಳಿಯದೆ ಒಂದೇ ಪಾತ್ರೆಯ ಬಳಿಗೆ ಬಂದವು. ಕೆಳಗಿನ ಅಡುಗೆಮನೆಯಲ್ಲಿ ಶಿವಗಂಗವ್ವನ ದೋಸೆ ಹಿಟ್ಟು ಇರುತ್ತಿತ್ತು. ಸಪ್ನಾ ಅದರಲ್ಲೊಂದು ಲೋಟ ಎತ್ತಿ ಕಪ್ಪು ದ್ರಾಕ್ಷಿಯ ರಸ ಬೆರೆಸಿದಳು. ಮಾಧುರಿ ಒಂದು ಲೋಟ ಎತ್ತಿ ಬೀಟ್‌ರೂಟ್ ಹಿಂಡಿದಳು. ಹಿಟ್ಟು ಹಳತಾದಂತೆ ನೊರೆ ಇಳಿಯುವುದರಿಂದ ಮತ್ತೆ ಮತ್ತೆ ಎತ್ತಬೇಕಾಯಿತು.

ಮನೆಮಂದಿಗೆಲ್ಲ ಆಗುವಷ್ಟು ರುಬ್ಬಿದರೂ ದೋಸೆ ಅರ್ಧ ಮಂದಿಗೆ ಮುಗಿಯತೊಡಗಿತು. ಶಿವಗಂಗವ್ವ ಮೊದಲು ಗ್ರೈಂಡರನ್ನು ಬೈದರು, ಆಮೇಲೆ ಅಕ್ಕಿಯನ್ನು, ಆಮೇಲೆ ಮೊಮ್ಮಗಳನ್ನು.

“ನಾ ಎರಡ ತಿಂದೀನಿ ಆಯಿ.”

“ಹಂಗಾರ ಉಳದದ್ದು ಎಲ್ಲಿ ಹೋತು?”

“ಮ್ಯಾಲೆ ಹೋಗಿರಬೇಕು,” ಎಂದಳು ಅಪೇಕ್ಷಾ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವಳಿಗೆ ಎರಡೂ ಕಡೆಯ ಋಣವಿತ್ತು. ಆಯಿಯೂ ಮತ್ತೆ ಕೇಳಲಿಲ್ಲ.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಹಳೇಮನಿಯ ದ್ರಾಕ್ಷಿ ಕೊಯ್ದರು. ಹಣ್ಣು ಜಜ್ಜಿ ತಂಪು ತೊಟ್ಟಿಗೆ ಹಾಕಿದ್ದೇವೆ, ಎರಡು ದಿನ ತಡೆಯುತ್ತದೆ, ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂದು ಶ್ಯಾಮ ಫೋನ್ ಮಾಡಿದ. ಇಳಿಹೊತ್ತಿಗೆ ಹೊಳಬಸಪ್ಪನವರು ವಿಭೂತಿ ಧರಿಸಿ ಊಟದ ಮೇಜಿನ ತಲೆಗೆ ಕುಳಿತರು. ಎರಡು ಭರಣಿಗಳು ಅವರೆದುರು ಬಂದವು. ಎರಡೂ ಗುಲಾಬಿ, ಎರಡೂ ಕಂಠದವರೆಗೆ ನೊರೆ. ಮುದುಕರ ಮುಖ ಅರಳಿತು.

“ಎರಡೂ ಭಾಳ ಚಲೋ ಎದ್ದಾವಲ್ಲ. ಏ, ನೀ ಮೂಸಿ ನೋಡು.”

ಶಿವಗಂಗವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಂದರು. ಮೊದಲ ಭರಣಿಯನ್ನು ಮೂಗಿನ ಬಳಿ ಹಿಡಿದರು.

“ಉದ್ದಿನಬ್ಯಾಳಿ,” ಎಂದರು.

ಎರಡನೆಯದನ್ನು ಹಿಡಿದರು. “ಇದರಾಗೂ ಉದ್ದಿನಬ್ಯಾಳಿ. ಮೆಂತ್ಯ ಜರಾ ಹೆಚ್ಚಾಗಿತ್ತು ಸೋಮವಾರ, ಅದೂ ಅದ.”

ಶಿವಗಂಗವ್ವ ಎರಡೂ ಭರಣಿಗಳನ್ನು ಒಂದೇ ಪಾತ್ರೆಗೆ ಸುರಿದು, ಉಪ್ಪು ಹಾಕಿ, ಹಂಚು ಒಲೆಯ ಮೇಲಿಟ್ಟರು. ಮೊದಲ ದೋಸೆ ಗುಲಾಬಿ ಬಣ್ಣಕ್ಕೆ ಎದ್ದು ಬಂತು. ಅದು ಗಂಡನ ತಟ್ಟೆಗೆ ಬೀಳುವ ಹೊತ್ತಿಗೆ ಹಾಲಿನ ಕಥೆ ಹೊರಬಿದ್ದಿತ್ತು. ಎರಡನೆಯದು ಬೀಳುವ ಹೊತ್ತಿಗೆ ಚಿಕ್ಕಿಯದು. ವೈರ್‌ಮನ್‌ಗೆ ಕೊಟ್ಟ ದುಡ್ಡೂ ದಂಡವಾಯಿತು ಎಂದ ಶಿವರಾಜ. ಹಾಲು ಹಾಕುವವನ ಕೈಗೆ ಕಾರ್ಖಾನೆ ಕೊಡಬಾರದು ಎಂದು ಅಮರ ಹೇಳಿದ. ಹೆಪ್ಪನ್ನು ಮಾವನ ಮನೆಗೆ ಸಾಗಿಸುವವನಿಗಿಂತ ಹಾಲು ಹಾಕುವವನು ವಾಸಿ ಎಂದು ಶಿವರಾಜ ಉತ್ತರಿಸಿದ. ಸೊಸೆಯರು ಮಾತ್ರ ಒಬ್ಬರ ಭರಣಿಯನ್ನು ಇನ್ನೊಬ್ಬರು ನೋಡಿ, ಬಣ್ಣಕ್ಕೆ ಏನು ಹಾಕಿದ್ದೆಂದು ಮೆಲ್ಲಗೆ ಕೇಳಿಕೊಂಡರು.

ಹೊಳಬಸಪ್ಪನವರು ಬೈಯಲಿಲ್ಲ. ದೋಸೆ ತಿಂದು ಮುಗಿಸಿದರು. ಹಳೇಮನಿ ಇನ್ನು ಇಲ್ಲ ಎಂಬ ಮಾತನ್ನು ಹೇಳಲು ಬಾಯಿ ತೆರೆದವರು ನೀರು ಕುಡಿದರು.

“ಸುಮಿ ಕಡೆ ಅದರಿ,” ಎಂದರು ಶಿವಗಂಗವ್ವ, ಒಲೆಯ ಕಡೆ ಮುಖ ಮಾಡಿಕೊಂಡೇ.

“ಏನ ಅದ?”

“ಹೆಪ್ಪ. ವಾಕಡದಾಗ ಮನಿ ಹೂಡಿದಾಗ ಮೊಸರಿಂದೂ ಕೊಟ್ಟೆ, ಇದನ್ನೂ ಕೊಟ್ಟೆ. ತವರಿನ ಹೆಪ್ಪ ಇಲ್ದ ಹೊಸಾ ಮನಿ ಹೂಡ್ತಾರೇನು ಯಾರರೆ? ಇದರಾಗ ಅಕಿ ಹುಡುಗರಿಗೆ ಪಾವ್ ಮಾಡಿಕೊಡ್ತಾಳ.”

“ಇಷ್ಟ ದಿವಸ ಯಾಕ ಹೇಳಲಿಲ್ಲ?”

“ನೀವು ಯಾವಾಗ ಕೇಳೀರಿ? ಅಕಿ ಪಾಲ ಕೇಳಿದಾಗ ಫ್ರಿಜ್ ಬ್ಯಾರೆ ಅಂದ್ರಿ.”

ಅಮರ ಫೋನ್ ಹಚ್ಚಿ ಮೇಜಿನ ಮೇಲಿಟ್ಟ. ಹೊರಗೆ ಬೀದಿದೀಪ ಹತ್ತಿತ್ತು.

“ಸುಮಿ, ನಿನ್ನ ಕಡೆ ಹೆಪ್ಪ ಅದ ಏನವ್ವಾ?”

“ಅದ ಅಪ್ಪಾ. ಚಲೋ ಅದ.”

“ಡ್ರೈವರಗ ಕಳಸ್ತೀನಿ, ಕೊಟ್ಟ ಕಳಸು.”

“ಈಗಷ್ಟ ದ್ಯಾವರ ಮುಂದ ದೀಪ ಹಚ್ಚೀನಿ.”

ಎಲ್ಲರೂ ಶಿವಗಂಗವ್ವನ ಕಡೆ ನೋಡಿದರು. ಅವರು ದೋಸೆ ತಿರುವಿದರು. ಆ ನಿಯಮ ಈ ಒಲೆಯ ಮುಂದೆಯೇ ಹುಟ್ಟಿದ್ದು, ಅದನ್ನು ಮುರಿಯಿರಿ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

“ದ್ರಾಕ್ಷಿ ತೊಟ್ಯಾಗ ಕುಂತದವ್ವಾ.”

“ಕೂಡಲಿ. ನಾನೂ ಕುಂತೀನಲ್ಲ,” ಎಂದಳು ಸುಮಂಗಲಾ. “ಮುಂಜಾನೆ ನೀವ ಬರ್ರಿ. ಇಬ್ಬರನ್ನೂ ಕರಕೊಂಡ ಬರ್ರಿ. ಸಂಕ್ರಾಂತಿಗೆ ತಂದ ನನ್ನ ಡಬ್ಬಿ ಅಲ್ಲೇ ಉಳದದ. ಖಾಲಿ ತರಬ್ಯಾಡ್ರಿ.”

ಡಬ್ಬಿಗೆ ಶೇಂಗಾ ಹೋಳಿಗೆ ತುಂಬೋಣ ಎಂದು ಸಪ್ನಾ ಹೇಳಿದಳು. ಚಿಕ್ಕಿ ಎಂದು ಮಾಧುರಿ ಬಾಯಿ ತೆರೆದು ಸುಮ್ಮನಾದಳು. ಹೊಳಬಸಪ್ಪನವರು ಯಾವುದಕ್ಕೂ ಒಪ್ಪಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದವರು ಮೊಳೆಯ ಮೇಲಿನ ಕೀಲಿಯನ್ನು ಉಡದಾರಕ್ಕೆ ಕಟ್ಟದೆ ಡಬ್ಬಿಯೊಳಗೆ ಬಿಟ್ಟು ಮುಚ್ಚಳ ಹಾಕಿದರು. ಕಾರಿನಲ್ಲಿ ವಾಕಡದವರೆಗೂ ಅದು ಅವರ ತೊಡೆಯ ಮೇಲೆ ಗಿಲಿಗಿಲಿ ಎನ್ನುತ್ತಿತ್ತು. ಎರಡೂ ಬದಿಯಲ್ಲಿ ಕುಳಿತ ಮಕ್ಕಳಿಗೆ ಆ ಸದ್ದು ಯಾವುದೆಂದು ಗೊತ್ತಾಯಿತು. ಪುಣೆ ಹೆದ್ದಾರಿಯ ಚಾಂದನಿ ಚೌಕ ದಾಟುವವರೆಗೂ ಇಬ್ಬರೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಒಂಬತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಬಿಸಿ ಪಾವಿನ ವಾಸನೆ ಇತ್ತು. ಸುಮಂಗಲಾ ತಂದೆಗೆ ಚಹಾ ಕೊಟ್ಟು, ಡಬ್ಬಿ ತೆರೆದು ನೋಡಿದಳು.

“ಒಂದೇ?”

“ಅದಕ್ಕ ಒಂದ ಕೀಲಿ ಇರೂದವ್ವಾ.”

ಅವಳು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅಣ್ಣತಮ್ಮಂದಿರನ್ನು ನೋಡಿದಳು. “ಸಣ್ಣಾಕಿ ಇದ್ದಾಗ ನನ್ನ ಗಲ್ಲಾಪೆಟ್ಟಿಗೀಗೂ ಒಂದ ಕೀಲಿ ಇತ್ತಪ್ಪಾ. ಆದ್ರೂ ರೊಕ್ಕ ಕಮ್ಮಿ ಆಗತಿತ್ತು.”

ಶಿವರಾಜ ಮೊದಲು ಕೈಗಡಿಯಾರ ನೋಡಿದ, ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿದ. ಅಂಥದೇ ಎರಡನೆಯ ಕೀಲಿ ಡಬ್ಬಿಗೆ ಬಿತ್ತು. ಅಮರ ಕಾರಿನ ಕೀಲಿಗೊಂಚಲಿನಿಂದ ಮೂರನೆಯದನ್ನು ಬಿಡಿಸುವಾಗ ಉಗುರು ಮುರಿದುಕೊಂಡ.

ಹೊಳಬಸಪ್ಪನವರು ಮೂರೂ ಕೀಲಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು, ಹಲ್ಲಿಗೆ ಹಲ್ಲು ಕೂಡಿತು.

“ನಾ ಪೂಜಿಗೆ ಕುಂತಾಗ ಅಚ್ಚ ತಗೊಂಡೀರಿ. ಒಳಗ ಹೋಗಿ ಏನ ಮಾಡ್ತಿದ್ರಿ?”

“ಏನಿಲ್ಲಪ್ಪಾ,” ಎಂದ ಶಿವರಾಜ. “ಕುಂತ ನೋಡ್ತಿದ್ದೆ.”

ಅಮರ ತಾನೂ ಅಷ್ಟೇ ಎಂಬಂತೆ ತಲೆಯಾಡಿಸಿದ.

“ಅಂದ್ರ ಕುರ್ಚಿ ಕೈ ಅಲಗಾಡಿಸಿದವರು ನೀವು,” ಎಂದರು ಹೊಳಬಸಪ್ಪನವರು. “ನಾ ಸುಮ್ಮಸುಮ್ಮನ ಅನ್ನ ಬಿಟ್ಟೆ.”

ಸುಮಂಗಲಾ ಕೀಲಿಗಳನ್ನು ಎತ್ತಿಟ್ಟು ಡಬ್ಬಿ ತೊಳೆದು ಒರೆಸಿದಳು. ಫ್ರಿಜ್ಜಿನಿಂದ ಭರಣಿ ತೆಗೆದಳು. ಕಡುಕೆಂಪು, ಮೇಲೆ ತೆಳ್ಳಗೆ ನೊರೆ, ಕಿವಿಗೊಟ್ಟರೆ ಸಣ್ಣ ಸಿರಸಿರ ಸದ್ದು. ಅರ್ಧವನ್ನು ಡಬ್ಬಿಗೆ ಹಾಕಿ ನಿಲ್ಲಿಸಿದಳು.

“ಪೂರಾ ಕೊಡವ್ವಾ,” ಎಂದರು ತಂದೆ.

“ಹೆಪ್ಪ ಪೂರಾ ಯಾರೂ ಕೊಡಂಗಿಲ್ಲಪ್ಪಾ. ಸೋಮವಾರ ಕಾರ್ಖಾನಿಗೆ ಬರತೀನಲ್ಲ, ಸಾಲದಿದ್ರ ಆವಾಗ ನೋಡೋಣು.”

ಲಿಫ್ಟಿನಲ್ಲಿ ಇಳಿಯುವಾಗ ಹೊಳಬಸಪ್ಪನವರು ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಹಿಡಿದಿದ್ದರು. ಹಿಡಿಯಲು ಮುಂದಾದ ಮಕ್ಕಳಿಬ್ಬರಿಗೂ ಕೊಡಲಿಲ್ಲ. ಸೋಮವಾರ ಅಕ್ಕ ಬಂದ ಮೇಲೆ ಕಾರ್ಖಾನೆಯಲ್ಲಿ ತಾವಿಬ್ಬರು ಎಲ್ಲಿ ಕೂಡಬೇಕು ಎಂದು ಅಮರ ಕೇಳಿದ.

“ಈಗ ಎಲ್ಲಿ ಕೂಡ್ತೀರಿ ಅಲ್ಲೇ ಕೂಡ್ರಿ,” ಎಂದರು ಅವರು. “ಅದಕ್ಕೂ ಮೊದಲ ಆ ಎರಡ ಫ್ರಿಜ್ ಕೆಳಗ ಇಳಸ್ರಿ. ಹಮಾಲರನ್ನ ಕರೀಬ್ಯಾಡ್ರಿ. ನೀವ ಹೊರ್ರಿ.”

ಒಂದು ಫ್ರಿಜ್ಜು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಶಿವರಾಜ ಮೇಲಿನಿಂದ, ಅಮರ ಕೆಳಗಿನಿಂದ, ತಳ್ಳು ಎಂದೂ ಎಳೆ ಎಂದೂ ಊಟದ ಹೊತ್ತಿನವರೆಗೆ ಜಗಳವಾಡಿದರು. ಶಿವಗಂಗವ್ವ ಅದನ್ನು ಕೇಳುತ್ತ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದರು. ಎಂದಿನಷ್ಟೇ, ಇನ್ನು ಅದು ಸಾಕಾಗುತ್ತದೆ.